ಕಲ್ಲಿನ ಪದರು ಓದಿದ ಫೂಟ್ ಸಾಹೇಬರು

ಸೊಲ್ಲಾಪುರ, ಅಕ್ಕಲಕೋಟ ಭಾಗದಾಗ ಬಾವಿ ತೋಡಿಸಿದ ರೈತನಿಗೆ ನೆಲದೊಳಗಿನ ಸಂಗತಿ ಯಾರೂ ಕಲಿಸಬೇಕಾಗಿಲ್ಲ. ಮೇಲೆ ಎರೆಮಣ್ಣು. ಅದರ ಕೆಳಗೆ ಸುಣ್ಣದ ಹರಳು ಬೆರೆತ ಮಣ್ಣು. ಆಮೇಲೆ ಮುರುಮ, ಕನ್ನಡದಾಗ ಗರಸು ಅನ್ನುತ್ತೇವೆ. ಅದೂ ಮುಗಿದ ಮೇಲೆ ಹಾರಿಗೆ ಬಗ್ಗದ ಕರಿಕಲ್ಲು. ಕೆಲವು ಕಡೆ ಆ ಕಲ್ಲನ್ನೂ ಒಡೆದು ಇಳಿದರೆ ಇಟ್ಟಂಗಿ ಬಣ್ಣದ ಕೆಂಪು ಪಟ್ಟಿಯೊಂದು ಹತ್ತುತ್ತದೆ, ಅದರ ಕೆಳಗೆ ಮತ್ತೆ ಕಲ್ಲು. ಇದರೊಳಗ ಯಾವುದು ಮೊದಲು, ಯಾವುದು ಆಮೇಲೆ ಅಂತ ಬಾವಿ ತೋಡುವ ಮಂದಿಯನ್ನು ಕೇಳಿ ನೋಡ್ರಿ. ಕೆಳಗಿಂದು ಮೊದಲು, ಮ್ಯಾಲಿಂದು ಆಮ್ಯಾಲೆ, ಇದರಾಗ ಕೇಳೂದೇನದ ಅಂತ ನಗುತ್ತಾರೆ.

ಈ ಸಾದಾ ಮಾತನ್ನೇ ಹಿಡಿದುಕೊಂಡು 33 ವರ್ಷ ಸರ್ಕಾರಿ ನೌಕರಿ ಮಾಡಿ, ಕೃಷ್ಣಾ, ಘಟಪ್ರಭಾ, ಮಲಪ್ರಭಾ, ಭೀಮಾ ಸೀಮೆಯ ಕಲ್ಲುಗಳ ವಂಶಾವಳಿ ಬರೆದಿಟ್ಟವರೊಬ್ಬರಿದ್ದರು. ಅವರು ರಾಬರ್ಟ್ ಬ್ರೂಸ್ ಫೂಟ್. ಇತಿಹಾಸ ಓದಿದವರು ಅವರನ್ನು ಭಾರತದ ಪ್ರಾಗೈತಿಹಾಸದ ಪಿತಾಮಹ ಅನ್ನುತ್ತಾರೆ. ಹಳೆಯ ಕಾಲದ ಕಲ್ಲಿನ ಕೊಡಲಿ ಹುಡುಕಿದ ಸಾಹೇಬ ಅಂತಲೇ ಅವರ ಹೆಸರು ದೊಡ್ಡದು. ಆದರೆ ಅವರ ಮೂಲ ಉದ್ಯೋಗ ಭೂಗರ್ಭ ಶಾಸ್ತ್ರ. ಕೊಡಲಿಯ ಕಥೆಯನ್ನು ಜಗತ್ತು ಒಪ್ಪಿದ್ದೂ ಆ ಉದ್ಯೋಗದ ಬಲದಿಂದಲೇ. ಅದಕ್ಕಾಗಿ ಅವರ ಜೀವನವನ್ನು ಕಲ್ಲಿನ ಕಡೆಯಿಂದ ಹೇಳಬೇಕೆಂದು ನಾನು ಕೂತಿದ್ದೇನೆ.

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಊರಿನಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಎಂಬ ಸರ್ಕಾರಿ ಖಾತೆ 1851ರಲ್ಲಿ ಶುರುವಾಗಿತ್ತು. 1858ರ ಡಿಸೆಂಬರಿನಲ್ಲಿ, 24ನೇ ವಯಸ್ಸಿಗೆ, ಫೂಟ್ ಆ ಖಾತೆಗೆ ಸೇರಿ ಮದ್ರಾಸ್ ಕಡೆಗೆ ಬಂದರು. ಮಳೆಗಾಲ ಮುಗಿದ ಮೇಲೆ ಡೇರೆ, ಕುದುರೆ, ಬಂಡಿ ಕಟ್ಟಿಕೊಂಡು ಹೊರಡುವುದು, ಬೇಸಿಗೆ ಬಲಿಯುವ ತನಕ ಹಳ್ಳ ಕೊಳ್ಳ ತಿರುಗಿ ನಕಾಶೆಯಲ್ಲಿ ಬಣ್ಣ ತುಂಬುವುದು, ಮಳೆಗಾಲದಾಗ ಕೂತು ವರದಿ ಬರೆಯುವುದು, ಇದು ಆ ಖಾತೆಯ ರೂಢಿ.

ಆಗ ಅವರ ಕೈಯಲ್ಲಿ ಏನಿತ್ತು? ಸುತ್ತಿಗೆ, ದಿಕ್ಸೂಚಿ, ನಕಾಶೆ. ಈ ಕಲ್ಲಿಗೆ ಇಷ್ಟು ವರ್ಷ ಅಂತ ಹೇಳುವ ಯಂತ್ರ ಜಗತ್ತಿನಲ್ಲೇ ಇರಲಿಲ್ಲ. ಕಲ್ಲಿನ ವಯಸ್ಸು ಅಳೆಯಲು ಬಳಸುವ ವಿಕಿರಣದ ಗುಣ ಗೊತ್ತಾದದ್ದೇ 1896ರಲ್ಲಿ. ಅದಕ್ಕಿಂತ ಮುಂಚಿನವರಿಗೆ ಇದ್ದ ಬಂಡವಾಳ ಕ್ರಮ ಒಂದೇ. ವ್ಯಾಪಾರಸ್ಥರಿಗೆ ಹೀಗೆ ಹೇಳಿದರೆ ತಿಳಿಯುತ್ತದೆ. ಗೆದ್ದಲು ಹತ್ತಿ ತಾರೀಖಿನ ಸಾಲು ಹೋದ ಕಿರ್ದಿ ಪುಸ್ತಕ ನಿಮ್ಮ ಕೈಗೆ ಬಂತು ಅನ್ನಿ. ಯಾವ ದಿನದ ವ್ಯವಹಾರ ಅಂತ ಹೇಳಲಿಕ್ಕೆ ಆಗುವುದಿಲ್ಲ. ಆದರೆ ಯಾವುದು ಮೊದಲು ಬರೆದದ್ದು, ಯಾವುದು ಆಮೇಲಿನದು ಅಂತ ಧೈರ್ಯದಿಂದ ಹೇಳಬಹುದು. ಭೂಮಿಯ ಕಿರ್ದಿಯನ್ನು ಹೀಗೆ ಓದುವುದಕ್ಕೆ ಸಾಪೇಕ್ಷ ಕಾಲಗಣನೆ ಅನ್ನುತ್ತಾರೆ.

ಇದರ ಮೊದಲ ನಿಯಮಗಳನ್ನು ಬರೆದವರು ಡೆನ್ಮಾರ್ಕ್ ದೇಶದ ನಿಕೊಲಾಸ್ ಸ್ಟೆನೊ, 1669ರಲ್ಲಿ. ಪದರು ಪದರಾಗಿ ಕೂತ ಕಲ್ಲಿನಲ್ಲಿ ಕೆಳಗಿನದು ಹಳೆಯದು. ಸೊಲ್ಲಾಪುರ ಮಾರ್ಕೆಟ್ ಯಾರ್ಡಿನಾಗ ಚೀಲದ ಥಪ್ಪಿ ಹಚ್ಚಿದಂಗ, ಬುಡದ ಚೀಲ ಮೊದಲು ಇಟ್ಟಿದ್ದು. ಎರಡನೆಯದು, ನೀರಿನಡಿ ಕೂಡುವ ಕೆಸರು, ಮರಳು ಸಪಾಟಾಗಿಯೇ ಕೂಡುತ್ತವೆ. ಹಾಗಾಗಿ ಪದರುಗಳು ಓರೆಯಾಗಿ ನಿಂತಿದ್ದರೆ, ಅವು ಕೂತ ಮೇಲೆ ನೆಲ ಅಲುಗಿ ಮಡಚಿದೆ ಅಂತ ಅರ್ಥ.

ಈ ನಿಯಮ ಎಷ್ಟು ಬೆಲೆಯುಳ್ಳದ್ದು ಎಂಬುದು 1863ರ ಮೇ 30ರಂದು ಗೊತ್ತಾಯಿತು. ಮದ್ರಾಸ್ ಹತ್ತಿರದ ಪಲ್ಲಾವರಂನಲ್ಲಿ ಗರಸು ತೆಗೆದ ಒಂದು ಗುಂಡಿ ನೋಡುವಾಗ ಫೂಟ್ ಅವರಿಗೆ ಒಂದು ಕಲ್ಲು ಸಿಕ್ಕಿತು. ಮನುಷ್ಯನ ಕೈ ಆಡಿಸಿ, ಚಕ್ಕೆ ಎಬ್ಬಿಸಿ ಮಾಡಿದ ಆಯುಧ ಅದು. ಫ್ರಾನ್ಸಿನ ಸೋಮ್ ನದಿಯ ಹಳೆಯ ಜಲ್ಲಿ ಪದರಿನಲ್ಲಿ ಇಂಥವೇ ಕಲ್ಲುಗಳು ಸಿಗುತ್ತವೆ ಎಂಬುದನ್ನು ಇಂಗ್ಲೆಂಡಿನ ಪಂಡಿತರು ಹೋಗಿ ನೋಡಿ ಒಪ್ಪಿದ್ದು 1859ರಲ್ಲಿ. ಅಷ್ಟು ಹಿಂದಿನ ಮನುಷ್ಯ ಭಾರತದಲ್ಲೂ ಇದ್ದನೇ ಎಂಬುದೇ ಪ್ರಶ್ನೆ.

ಒಂದು ಕಲ್ಲು ತೋರಿಸಿದರೆ ಯಾರೂ ನಂಬುವುದಿಲ್ಲ. ನೆಲದ ಮೇಲೆ ಬಿದ್ದದ್ದು ನಿನ್ನೆಯದೂ ಇರಬಹುದು, ಸಾವಿರ ವರ್ಷದ್ದೂ ಇರಬಹುದು. ಆಯುಧ ಜಲ್ಲಿ ಪದರಿನ ಒಳಗೇ ಕೂತಿತ್ತು ಎಂದು ತೋರಿಸಬೇಕು. ಒಳಗಿದ್ದರೆ ಪದರು ಕೂಡುವ ಹೊತ್ತಿಗೇ ಅದು ಇತ್ತು ಅಂತ ಆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫೂಟ್ ಮತ್ತು ಅವರ ಜೊತೆಗಾರ ವಿಲಿಯಂ ಕಿಂಗ್ ಅತ್ತಿರಂಪಾಕ್ಕಂ ಎಂಬ ಊರಿನ ಹಳ್ಳದ ದಂಡೆಗೆ ಹೋದರು. ಅಲ್ಲಿ ಪದರಿನಲ್ಲೇ ಕೂತ ಆಯುಧಗಳು ಸಿಕ್ಕವು. ಫೂಟ್ ಆಯುಧಕ್ಕಿಂತ ಹೆಚ್ಚಾಗಿ ಅದು ಕೂತ ಜಾಗದ ವಿವರ ಬರೆದರು. ಮೇಲೆ ಯಾವ ಮಣ್ಣು, ಕೆಳಗೆ ಯಾವ ಕಲ್ಲು, ಎಷ್ಟು ಆಳ, ಎಲ್ಲಾ ದಾಖಲೆ. ಆ ಬರವಣಿಗೆ ಇರದಿದ್ದರೆ ಅವೆಲ್ಲ ಸುಮ್ಮನೆ ಕಪಾಟಿನ ಕಲ್ಲುಗಳಾಗುತ್ತಿದ್ದವು.

ಮುಂದೆ ಫೂಟ್ ಸಾಹೇಬರಿಗೆ ಆಗಿನ ಕಾಲದವರು ದಕ್ಷಿಣ ಮರಾಠಾ ಸೀಮೆ ಅನ್ನುತ್ತಿದ್ದ ಪ್ರದೇಶದ ಕೆಲಸ ಬಂತು. ಇವತ್ತಿನ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳು ಇದರೊಳಗೆ ಬರುತ್ತವೆ. ಆ ವರದಿ 1876ರಲ್ಲಿ ಅಚ್ಚಾಯಿತು. ನಮ್ಮ ಸೊಲ್ಲಾಪುರ, ಅಕ್ಕಲಕೋಟ ಕೂತಿರುವುದು ಕರಿಕಲ್ಲಿನ ದೊಡ್ಡ ಹಾಸಿನ ಮೇಲೆ. ಇದಕ್ಕೆ ಡೆಕ್ಕನ್ ಟ್ರ್ಯಾಪ್ ಅಂತ ಹೆಸರು. ಸ್ವೀಡಿಶ್ ಭಾಷೆಯಲ್ಲಿ ಟ್ರಾಪಾ ಅಂದರೆ ಮೆಟ್ಟಿಲು. ತುಳಜಾಪುರದ ಘಾಟು ಏರಿದವರಿಗೆ ಆ ಹೆಸರು ಯಾಕೆ ಬಂತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹಾಸಿನ ನಟ್ಟನಡುವೆ ನಿಂತರೆ ಕೆಳಗೇನಿದೆ ಕಾಣುವುದಿಲ್ಲ. ಕೌದಿಯ ಕೆಳಗೆ ಯಾವ ಚಾಪೆ ಹಾಸಿದೆ ಅಂತ ನೋಡಲು ಕೌದಿಯ ಅಂಚಿಗೇ ಹೋಗಬೇಕು. ಫೂಟ್ ಸಾಹೇಬರಿಗೆ ಸಿಕ್ಕಿದ್ದು ಆ ಅಂಚು.

ಅಂಚು ನೋಡಲಿಕ್ಕೆ ನಮ್ಮ ಮಂದಿಗೆ ಕುದುರೆ ಬೇಡ, ರೈಲು ಸಾಕು. ಸೊಲ್ಲಾಪುರಕ್ಕೆ 1860ರಲ್ಲಿ ಬಂದ ರೈಲು ರಾಯಚೂರು ಮುಟ್ಟಿದ್ದು 1871ರಲ್ಲಿ. ಆ ದಾರಿಯಲ್ಲಿ ನಾನು ಹೋಗುವಾಗಲೆಲ್ಲ ಕಿಟಕಿ ಹತ್ತಿರ ಕೂಡುತ್ತೇನೆ. ಹೋಟಗಿ, ಅಕ್ಕಲಕೋಟ ರೋಡ್, ದುಧನಿ, ಗಾಣಗಾಪುರ ರೋಡ್ ತನಕ ಎಲ್ಲಾ ಕರಿಕಲ್ಲು, ಎರೆ ಹೊಲ. ಕಲಬುರಗಿ ದಾಟಿ ಶಹಾಬಾದ ಬಂದಾಗ ಬಣ್ಣ ಬದಲಾಗುತ್ತದೆ. ಹಾಳೆ ಹಾಳೆಯಾಗಿ ಏಳುವ ಫರಸಿ ಕಲ್ಲು, ವಾಡಿಯಲ್ಲಿ ಅದೇ ಸುಣ್ಣಗಲ್ಲಿನ ಸಿಮೆಂಟು. ನಾಲವಾರ ದಾಟಿ ಯಾದಗಿರಿ ಬಂದರೆ ಗುಂಡು ಗುಂಡು ಗ್ರಾನೈಟ್ ಗುಡ್ಡ. ಗ್ರಾನೈಟ್ ಮೇಲೆ ಫರಸಿ ಕಲ್ಲು ಕೂತಿದೆ, ಫರಸಿಯ ಮೇಲೆ ನಮ್ಮ ಕರಿಕಲ್ಲು ಕೂತಿದೆ. ಅಂದ ಮೇಲೆ ಸೊಲ್ಲಾಪುರದಿಂದ ಯಾದಗಿರಿಗೆ ಟಿಕೆಟ್ ತೆಗೆಸಿದವನು ಹೊಸ ಕಲ್ಲಿನಿಂದ ಹಳೆಯ ಕಲ್ಲಿಗೆ ಪ್ರಯಾಣ ಮಾಡಿದಂಗಾಯಿತು. ಫರಸಿ ಕಲ್ಲಿನ ಈ ಗುಂಪಿಗೆ ನಮ್ಮ ನದಿಯ ಹೆಸರೇ ಇದೆ, ಭೀಮಾ ಗುಂಪು. ಅದು ತಾಳಿಕೋಟೆಯಿಂದ ಸೇಡಂ ಕಡೆಗೆ ಹಬ್ಬಿ, ಉತ್ತರಕ್ಕೆ ಕರಿಕಲ್ಲಿನ ಕೆಳಗೆ ಹೋಗಿ ಅಡಗುತ್ತದೆ.

ಕೃಷ್ಣೆಯ ಆಚೆಗೆ ಘಟಪ್ರಭಾ, ಮಲಪ್ರಭಾ ಸೀಮೆಯಲ್ಲಿ ಫೂಟ್ ಬೇರೊಂದು ಹಳೆಯ ಗುಂಪನ್ನು ವಿವರಿಸಿ ಅದಕ್ಕೆ ಕಲಾದಗಿ ಎಂಬ ಊರಿನ ಹೆಸರು ಕೊಟ್ಟರು. ಅದೂ ಗ್ರಾನೈಟ್ ಜಾತಿಯ ಹಳೆಯ ಕಲ್ಲಿನ ಮೇಲೆ ಕೂತದ್ದು. ಹಾಗಂತ ಹೇಗೆ ಗೊತ್ತು? ಅದರ ಬುಡದ ಪದರು ಒಡೆದರೆ ಒಳಗೆ ಕೆಳಗಿನ ಕಲ್ಲುಗಳ ಹರಳು, ಗುಂಡುಗಳು ಸೇರಿಕೊಂಡಿವೆ. ಶೇಂಗಾ ಚಿಕ್ಕಿ ನೋಡ್ರಿ. ಪಾಕ ಹೊಯ್ಯುವ ಮೊದಲೇ ಶೇಂಗಾ ಇತ್ತು. ಒಂದು ಕಲ್ಲಿನೊಳಗೆ ಇನ್ನೊಂದು ಕಲ್ಲಿನ ತುಂಡು ಇದ್ದರೆ ಆ ತುಂಡೇ ಹಿರಿಯದು. ಇದು ಮೂರನೇ ನಿಯಮ.

ನಾಲ್ಕನೆಯದು ಸೀಳಿ ಹೋದ ಕಲ್ಲಿನ ನಿಯಮ. ಗ್ರಾನೈಟ್ ಸೀಮೆಯಲ್ಲಿ ಕರಿಯ ಗೋಡೆ ಕಟ್ಟಿದಂಗೆ ಉದ್ದಕ್ಕೆ ಓಡುವ ಕಲ್ಲಿನ ಸಾಲುಗಳಿವೆ. ಬಿರುಕಿನೊಳಗೆ ಕರಗಿದ ಕಲ್ಲು ನುಗ್ಗಿ ಆರಿದ್ದು ಅದು. ಕೌದಿಯ ತುಂಡುಗಳನ್ನು ದಾಟಿ ಹೋದ ಹೊಲಿಗೆ ಆ ತುಂಡುಗಳಿಗಿಂತ ಆಮೇಲಿನದು ತಾನೆ? ಹಂಗೆಯೇ ಸೀಳಿದ ಕಲ್ಲು ಹೊಸದು, ಸೀಳಿಸಿಕೊಂಡದ್ದು ಹಳೆಯದು.

ಐದನೆಯದು ಕಿರ್ದಿಯ ಹರಿದ ಹಾಳೆಯ ನಿಯಮ. ಓರೆಯಾಗಿ ನಿಂತ ಪದರುಗಳ ತಲೆ ಸವೆದು, ಆ ಸವೆದ ತಲೆಯ ಮೇಲೆ ಹೊಸ ಪದರು ಸಪಾಟಾಗಿ ಕೂತಿದ್ದರೆ ನಡುವೆ ದೊಡ್ಡ ಕಾಲ ಕಳೆದಿದೆ. ಸ್ಕಾಟ್ಲೆಂಡಿನ ಜೇಮ್ಸ್ ಹಟನ್ ತಮ್ಮ ಸಮುದ್ರ ದಂಡೆಯಲ್ಲಿ 1788ರಲ್ಲಿ ಇದನ್ನು ತೋರಿಸಿದ್ದರು. ಕಲಾದಗಿ ಸೀಮೆಯಲ್ಲೂ ಇಂಥ ಹರಿದ ಹಾಳೆಗಳಿವೆ. ಒಂದು ಹಾಳೆಯನ್ನು ಫೂಟ್ ಹಿಡಿಯಲಿಲ್ಲ ಎಂಬುದನ್ನೂ ಹೇಳಬೇಕು. ಬಾದಾಮಿಯ ಕೆಂಪು ಮರಳುಗಲ್ಲನ್ನು ಅವರು ಕಲಾದಗಿಯ ಉಳಿದ ಕಲ್ಲುಗಳ ಜೊತೆಗೇ ಎಣಿಸಿದರು. ಇಪ್ಪತ್ತನೇ ಶತಮಾನದ ಭೂವಿಜ್ಞಾನಿಗಳು ಅದು ಮಡಚಿದ ಹಳೆಯ ಪದರುಗಳ ಮೇಲೆ ಆಮೇಲೆ ಬಂದು ಕೂತದ್ದೆಂದು ಕಂಡು ಬೇರೆ ಗುಂಪು ಮಾಡಿದರು.

ತಮ್ಮ ಲೆಕ್ಕವನ್ನು ತಾವೇ ತಿದ್ದಿಕೊಂಡದ್ದೂ ಉಂಟು. 1876ರ ವರದಿಯಲ್ಲಿ ಧಾರವಾಡ ಸೀಮೆಯ ಪದರುಗಲ್ಲುಗಳನ್ನು ಫೂಟ್ ಸುತ್ತಲಿನ ಹಳೆಯ ಕಲ್ಲಿನ ಜೊತೆಗೇ ಸೇರಿಸಿದ್ದರು. ಬಳ್ಳಾರಿ ಕಡೆ ತಿರುಗಿದ ಮೇಲೆ, 1880ರ ದಶಕದಲ್ಲಿ, ಅವು ಪ್ರತ್ಯೇಕ ಗುಂಪು ಎಂದು ಗೊತ್ತಾಗಿ ಅದಕ್ಕೆ ಧಾರವಾಡ ಎಂಬ ಹೆಸರು ಕೊಟ್ಟರು. ಈ ಹೆಸರು ಇವತ್ತಿಗೂ ಜಗತ್ತಿನ ಭೂಗರ್ಭ ಪುಸ್ತಕಗಳಲ್ಲಿ ಇದೆ. ಇದು ಬರೀ ಹೆಸರಿನ ಮಾತಲ್ಲ, ರೊಕ್ಕದ ಮಾತೂ ಹೌದು. ಗದಗ ಹತ್ತಿರದ ಡಂಬಳ ಗುಡ್ಡಗಳ ಬಂಗಾರದ ಬಗ್ಗೆ ಅವರು 1874ರಲ್ಲೇ ಬರೆದಿದ್ದರು. ದಕ್ಷಿಣದ ಬಂಗಾರ ಮುಖ್ಯವಾಗಿ ಈ ಧಾರವಾಡ ಗುಂಪಿನಲ್ಲೇ ಇದೆ ಎಂದು 1888ರಲ್ಲಿ ಬರೆದರು. ಕಲ್ಲಿನ ಕ್ರಮ ಗೊತ್ತಾದರೆ ಬಂಗಾರ ಎಲ್ಲಿ ಹುಡುಕಬೇಕು, ಎಲ್ಲಿ ಹುಡುಕಬಾರದು ಎರಡೂ ಗೊತ್ತಾಗುತ್ತದೆ.

ಇನ್ನೊಂದು ನಿಯಮ ಪ್ರಾಣಿಗಳದ್ದು. ಇಂಗ್ಲೆಂಡಿನಲ್ಲಿ ಕಾಲುವೆ ತೋಡಿಸುತ್ತಿದ್ದ ಸರ್ವೇಯರ್ ವಿಲಿಯಂ ಸ್ಮಿತ್, ಒಂದೊಂದು ಪದರಿಗೂ ಅದರದೇ ಚಿಪ್ಪು, ಎಲುಬು ಇರುತ್ತವೆ, ಅವುಗಳಿಂದ ದೂರದ ಪದರುಗಳನ್ನೂ ಗುರುತು ಹಿಡಿಯಬಹುದು ಎಂದು ಕಂಡು 1815ರಲ್ಲಿ ನಕಾಶೆ ಪ್ರಕಟಿಸಿದರು. ಫೂಟ್ ಅವರಿಗೆ ಗೋಕಾಕ ಹತ್ತಿರದ ಚಿಕ್ಕದೌಳಿಯಲ್ಲಿ ಹಳೆಯ ಮೆಕ್ಕಲು ಮಣ್ಣಿನೊಳಗೆ ಖಡ್ಗಮೃಗದ ಎಲುಬುಗಳು ಸಿಕ್ಕವು. 1874ರಲ್ಲಿ ಅದನ್ನು ಹೊಸ ಜಾತಿಯೆಂದು ವರ್ಣಿಸಿ ಡೆಕ್ಕನ್ ಹೆಸರನ್ನೇ ಇಟ್ಟರು. ಇವತ್ತು ಗೋಕಾಕ ಸೀಮೆಯಲ್ಲಿ ಖಡ್ಗಮೃಗ ಎಲ್ಲಿಯದು? ಆ ಮಣ್ಣು ಕೂಡುವಾಗ ಈ ನಾಡಿನ ಹುಲ್ಲು, ನೀರು, ಕಾಡು ಬೇರೆಯೇ ಇದ್ದವು ಅಂತ ಎಲುಬೇ ಸಾಕ್ಷಿ ಹೇಳಿತು.

ಈಗ ನಮ್ಮ ಬಾವಿಗೆ ಬರೋಣ. ಟ್ರ್ಯಾಪ್ ಒಂದೇ ಸಲ ಹರಿದು ಬಂದದ್ದಲ್ಲ. ಕರಗಿದ ಕಲ್ಲು ಹರಿದು ಆರಿತು, ಅದರ ಮೇಲೆ ಮತ್ತೊಂದು ಹರಿವು ಬಂತು, ಹೀಗೆ ಎಷ್ಟೋ ಸಲ. ಹರಿವಿನೊಳಗಿನ ಗಾಳಿಗುಳ್ಳೆ ಮೇಲಕ್ಕೆ ಏರುವುದರಿಂದ ಪ್ರತಿ ಹರಿವಿನ ತಲೆ ತೂತು ತೂತಾಗಿರುತ್ತದೆ. ಆ ತೂತುಗಳಲ್ಲಿ ಬಿಳಿ ಹರಳು ತುಂಬಿದ್ದನ್ನು ನೀವು ಬಾವಿಯ ಕಲ್ಲಿನಲ್ಲಿ ನೋಡಿರುತ್ತೀರಿ. ನಡುವಿನ ಭಾಗ ಗಟ್ಟಿ ಕಲ್ಲು. ಎರಡು ಹರಿವುಗಳ ನಡುವೆ ಬಿಡುವು ಹೆಚ್ಚಾದಲ್ಲಿ ಕೆಳಗಿನದರ ತಲೆ ಕಳಿತು ಮಣ್ಣಾಯಿತು. ಮೇಲಿನ ಹರಿವು ಬಂದು ಆ ಮಣ್ಣನ್ನು ಇಟ್ಟಂಗಿ ಭಟ್ಟಿಯಂತೆ ಕಾಯಿಸಿತು. ಕೆಂಪು ಪಟ್ಟಿ ಅನೇಕ ಕಡೆ ಹುಟ್ಟಿದ್ದು ಹೀಗೆ. ಅಂದರೆ ಕೆಂಪು ಪಟ್ಟಿ ಹತ್ತಿತು ಅಂದರೆ ಒಂದು ಹರಿವು ಮುಗಿದು ಅದಕ್ಕಿಂತ ಹಳೆಯ ಇನ್ನೊಂದು ಶುರುವಾಯಿತು ಅಂತ ತಿಳಿಯಬೇಕು.

ನೀರಿನ ಮಾತೂ ಇದರೊಳಗೇ ಅದ. ನಮ್ಮ ಕಡೆ ನೀರು ಮುಖ್ಯವಾಗಿ ನಿಲ್ಲುವುದು ಮೇಲಿನ ಕಳಿತ ಮುರುಮದಲ್ಲಿ, ಕಲ್ಲಿನ ಬಿರುಕುಗಳಲ್ಲಿ, ಹರಿವಿನ ತೂತು ತಲೆಯಲ್ಲಿ. ಬಿರುಕಿಲ್ಲದ ಗಟ್ಟಿ ನಡುಭಾಗದಲ್ಲಿ ನೀರಿಗೆ ಜಾಗವೇ ಇಲ್ಲ. ಕೆಂಪು ಪಟ್ಟಿ ಜಿಗಟು ಮಣ್ಣಾಗಿದ್ದರೆ ಬೋರಿನ ಗೋಡೆ ಕುಸಿಯುವುದೂ ಉಂಟು. ಕ್ರಮ ತಿಳಿದವನಿಗೆ ತನ್ನ ಬೋರು ಈಗ ಎಲ್ಲಿ ಇಳಿದಿದೆ ಎಂಬ ಅಂದಾಜು ಸಿಗುತ್ತದೆ. ತಿಳಿಯದವನಿಗೆ ಬರೀ ಆಳದ ಲೆಕ್ಕ, ರೊಕ್ಕದ ಲೆಕ್ಕ.

ಅಂಚಿನಲ್ಲಿ ನಿಂತು ಮಾಡಿದ ಅಂದಾಜು ನಡುವಿನಲ್ಲೂ ನಿಜವೇ ಎಂಬ ಸಂಶಯ ಬರಬಹುದು. ಅದಕ್ಕೆ ಉತ್ತರ ಸಿಕ್ಕಿದ್ದು ದುಃಖದ ದಾರಿಯಲ್ಲಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿ ಭೂಕಂಪವಾಗಿ ಸುಮಾರು 10 ಸಾವಿರ ಜನ ಸತ್ತರು. ಸೊಲ್ಲಾಪುರ, ಅಕ್ಕಲಕೋಟ, ಕಲಬುರಗಿ ಮಂದಿ ಆ ನಡುಕ ಮರೆತಿಲ್ಲ. ಕಾರಣ ತಿಳಿಯಲು ವಿಜ್ಞಾನಿಗಳು ಕಿಲ್ಲಾರಿಯಲ್ಲಿ 617 ಮೀಟರ್ ಆಳಕ್ಕೆ ಕೊರೆದರು. ಮೊದಲು 338 ಮೀಟರ್ ಕರಿಕಲ್ಲು, ಅದರ ಕೆಳಗೆ ಸುಮಾರು 8 ಮೀಟರ್ ಮಣ್ಣು ಮರಳಿನ ಹಳೆಯ ಪದರು, ಅದರ ಕೆಳಗೆ ಗ್ರಾನೈಟ್ ಜಾತಿಯ ಕಲ್ಲು. ದಕ್ಷಿಣದ ಅಂಚಿನಲ್ಲಿ ಕಾಣುವ ಕ್ರಮವೇ ಅಲ್ಲಿಯೂ ಬಂತು. ಮೇಲೆ ಟ್ರ್ಯಾಪ್, ಬುಡದಲ್ಲಿ ಎಲ್ಲಕ್ಕಿಂತ ಹಿರಿಯ ಕಲ್ಲು.

ಕ್ರಮ ಎಷ್ಟು ಗಟ್ಟಿಯೋ ಅದರ ಮಿತಿಯೂ ಅಷ್ಟೇ ಸ್ಪಷ್ಟ. ಅದು ಹಿರಿಯ ಯಾರು, ಕಿರಿಯ ಯಾರು ಹೇಳುತ್ತದೆ. ವಯಸ್ಸು ಎಷ್ಟು ಹೇಳುವುದಿಲ್ಲ. ಆ ಅಂಕಿಗಳು ಫೂಟ್ ತೀರಿಕೊಂಡ ಮೇಲೆ ಬಂದವು. ಟ್ರ್ಯಾಪ್ ಹರಿದದ್ದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ. ಕೆಳಗಿನ ಹಳೆಯ ಕಲ್ಲಿನ ವಯಸ್ಸು 300 ಕೋಟಿ ವರ್ಷದ ಸುಮಾರಿಗೆ ಹೋಗುತ್ತದೆ. ಅತ್ತಿರಂಪಾಕ್ಕಂನ ಆಯುಧಗಳು ಸುಮಾರು 15 ಲಕ್ಷ ವರ್ಷದವು ಎಂದು 2011ರಲ್ಲಿ ಪ್ರಕಟವಾಯಿತು. ಫೂಟ್ ಅವು ಬಹಳ ಹಳೆಯವು ಎಂದು ಪದರು ನೋಡಿ ಹೇಳಿ 148 ವರ್ಷ ಆದ ಮೇಲೆ! ನಮ್ಮ ಸಮೀಪದ ಸುರಪುರ ಸೀಮೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅಗೆಸಿದ ಆಯುಧ ತಯಾರಿಕೆಯ ಜಾಗಕ್ಕೆ ಸುಮಾರು 12 ಲಕ್ಷ ವರ್ಷ ಎಂಬ ಅಂದಾಜು ಬಂದಿದೆ. ಪದರು ಕದಡದೆ ಉಳಿದಿದ್ದಕ್ಕೇ ಈ ಅಂಕಿಗಳು ಸಿಕ್ಕವು.

ಫೂಟ್ 1891ರಲ್ಲಿ ನಿವೃತ್ತರಾದರು. ಆದರೂ ಸುಮ್ಮನೆ ಕೂಡಲಿಲ್ಲ. ಬಡೋದೆ ಮತ್ತು ಮೈಸೂರು ಸಂಸ್ಥಾನಗಳಿಗೂ ಭೂಗರ್ಭ ಶೋಧದ ಕೆಲಸ ಮಾಡಿಕೊಟ್ಟರು. ಸೇಲಂ ಹತ್ತಿರದ ಏರ್ಕಾಡ್ ಗುಡ್ಡದ ಮೇಲೆ ಮನೆ ಮಾಡಿಕೊಂಡು, ನಲವತ್ತು ವರ್ಷ ಕೂಡಿಸಿದ ವಸ್ತುಗಳನ್ನು ಊರು, ಜಾಗದ ಸಮೇತ ಪಟ್ಟಿ ಮಾಡಿದರು. ಆ ಸಂಗ್ರಹವನ್ನು 1904ರಲ್ಲಿ ಮದ್ರಾಸ್ ಸರ್ಕಾರಿ ಮ್ಯೂಜಿಯಂ ಕೊಂಡುಕೊಂಡಿತು. 1912ರ ಡಿಸೆಂಬರ್ 29ರಂದು ಅವರು ಕಲ್ಕತ್ತೆಯಲ್ಲಿ ತೀರಿಕೊಂಡರು. ಪಟ್ಟಿ ಮತ್ತು ಟಿಪ್ಪಣಿಗಳ ಪುಸ್ತಕಗಳು 1914 ಮತ್ತು 1916ರಲ್ಲಿ ಹೊರಬಂದವು. ಏರ್ಕಾಡಿನ ಚರ್ಚಿನಲ್ಲಿ ಅವರ ನೆನಪಿನ ಕಲ್ಲು ಇದೆ.

ಅವರ ಕಾಲದಲ್ಲಿ ಒಂದು ಗುಂಡಿ ತೋಡಲು ವಾರಗಟ್ಟಲೆ ಬೇಕಿತ್ತು. ಈಗ ಜೆಸಿಬಿ ಬಂದರೆ ಮಧ್ಯಾಹ್ನದೊಳಗೆ ಮುರುಮದ ಮಾಳವೇ ಖಾಲಿ. ರಸ್ತೆಗೆ, ಮನೆಗೆ ಮುರುಮ ಬೇಕು, ಅದನ್ನು ಬ್ಯಾಡ ಅನ್ನಲಿಕ್ಕೆ ಆಗುವುದಿಲ್ಲ. ಆದರೆ ಒಮ್ಮೆ ಕದಡಿದ ಪದರನ್ನು ಮತ್ತೆ ಜೋಡಿಸಿ ಓದಲಿಕ್ಕೆ ಯಾವ ಯಂತ್ರಕ್ಕೂ ಬರುವುದಿಲ್ಲ. ನದಿ ದಂಡೆಯ ಹಳೆ ಜಲ್ಲಿಯಲ್ಲಿ ಎಲುಬೋ, ಚಕ್ಕೆ ಎಬ್ಬಿಸಿದ ಕಲ್ಲೋ ಕಂಡರೆ ಕಿತ್ತು ಮನೆಗೆ ಒಯ್ಯಬೇಡಿ. ಇದ್ದಲ್ಲೇ ಫೋಟೊ ತೆಗೆದು, ಮೇಲಿನಿಂದ ಎಷ್ಟು ಫೂಟು ಆಳ ಅಂತ ಬರೆದು, ಹತ್ತಿರದ ಕಾಲೇಜಿಗೋ ಪುರಾತತ್ವ ಖಾತೆಗೋ ಸುದ್ದಿ ಮುಟ್ಟಿಸಿ.

ಬೋರಿನ ವಿಷಯಕ್ಕೂ ಒಂದು ಮಾತು. ಬೋರ್ ಗಾಡಿಯವರು ಫೂಟಿನ ಲೆಕ್ಕದಾಗ ರೊಕ್ಕ ಎಣಿಸಿಕೊಳ್ಳುತ್ತಾರೆ. ಅಷ್ಟೇ ಫೂಟಿಗೆ ಯಾವ ಬಣ್ಣದ ಪುಡಿ ಬಂತು, ಕೆಂಪು ಎಲ್ಲಿ ಹತ್ತಿತು, ಬಿಳಿ ಹರಳು ಎಲ್ಲಿ ಬಂತು, ನೀರಿನ ತೇವ ಎಲ್ಲಿ ಕಂಡಿತು ಅಂತ ನಾವು ಬರೆದಿಡುವುದಿಲ್ಲ. ಕನ್ನಡದಾಗ ಬರೆಯಿರಿ, ಮರಾಠಿಯೊಳಗ ಬರೆಯಿರಿ, ಎರಡೂ ನಡೆಯುತ್ತದೆ. ಒಂದು ಊರಿನಲ್ಲಿ ಹತ್ತು ಬೋರಿನ ಹಿಸೇಬು ಒಂದೇ ವಹಿಯಲ್ಲಿ ಕೂಡಿತು ಅಂದರೆ ಹನ್ನೊಂದನೆಯವನು ಎಲ್ಲಿ ಕೊರೆಸಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಕೇಳಲಿಕ್ಕೆ ಒಂದು ಆಧಾರ ಇರುತ್ತದೆ. ಆ ವಹಿ ಗ್ರಾಮ ಪಂಚಾಯತಿ ಕಟ್ಟೆಯ ಮೇಲೆ ಇದ್ದರೆ ಇನ್ನೂ ಚಲೋ.